ಗೋಡೆ ದಾಟಿದ ಬೆಕ್ಕು

ಮನುಷ್ಯನ ಜೊತೆ ಬದುಕುವ ಪ್ರಾಣಿಗಳಲ್ಲಿ ಬೆಕ್ಕಿನ ಸ್ಥಿತಿ ಉಳಿದವುಗಳಿಗಿಂತ ಬೇರೆ. ದನ ಕೊಟ್ಟಿಗೆಗೆ ಒಗ್ಗಿಕೊಳ್ಳುತ್ತದೆ, ನಾಯಿ ಅನ್ನ ಹಾಕಿದವರ ಹಿಂದೆ ಹೋಗುತ್ತದೆ, ಬೆಕ್ಕು ಮಾತ್ರ ಜಾಗವನ್ನು ಹಚ್ಚಿಕೊಳ್ಳುತ್ತದೆ. ಆ ಜಾಗವಾದರೂ ಅದನ್ನು ಸಾಕಿದವರ ಖಾತೆ-ಪತ್ರದ ಅಳತೆಗೆ ನಿಲ್ಲುವಂಥದಲ್ಲ. 30×40 ಸೈಟಿನ ಒಂದು ಮನೆಯಲ್ಲಿ ಹಾಲು ಕುಡಿದ ಬೆಕ್ಕು ಪಕ್ಕದ ಮನೆಯ ತಾರಸಿಯಲ್ಲಿ ಬಿಸಿಲು ಕಾಯಿಸಿಕೊಂಡು, ಹಿಂದಿನ ಬೀದಿಯಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೆ ಮಲಗೆದ್ದು, ಇನ್ನಾರದೋ ಹೂಕುಂಡದ ಮಣ್ಣು ಕೆದಕಿ, ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತದೆ. ಹೀಗಾಗಿ ಒಂದು ಮನೆಯಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವ ಜೀವವೇ ಗೋಡೆ ದಾಟಿದ ಮರುಕ್ಷಣ ಯಾರಿಗೂ ಸೇರದ ಪೀಡೆಯಾಗಿಬಿಡುತ್ತದೆ. ಬೆಂಗಳೂರಿನಂಥ ನಗರಗಳ ವಸತಿ ಬಡಾವಣೆಗಳಲ್ಲಿ ಸಾಕುಬೆಕ್ಕುಗಳ ಮೇಲೆ ನಡೆಯುವ ಹಿಂಸೆಯನ್ನು ಕುರಿತ ವಿಚಾರವನ್ನು ಈ ಗೋಡೆಯಿಂದಲೇ ಆರಂಭಿಸಬೇಕಾಗುತ್ತದೆ, ಏಕೆಂದರೆ ಆ ಹಿಂಸೆಯ ಬಹುಭಾಗ ಬೆಕ್ಕಿನ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ; ಎರಡು ಮನೆಗಳ ನಡುವೆ ಮಾತಿನಲ್ಲಿ ಬಗೆಹರಿಯದ ವ್ಯಾಜ್ಯವನ್ನು ಬಾಯಿಲ್ಲದ ಪ್ರಾಣಿಯ ಮೈಮೇಲೆ ತೀರಿಸಿಕೊಳ್ಳುವ ರೂಢಿಯಿಂದ ಹುಟ್ಟಿದ್ದು.

ಪ್ರಾಣಿಹಿಂಸೆ ಎಂದೊಡನೆ ಜನರ ಕಣ್ಣೆದುರು ಬರುವುದು ಕತ್ತಲಲ್ಲಿ ಸುಳಿದಾಡುವ ಒಬ್ಬ ವಿಕೃತ ವ್ಯಕ್ತಿಯ ಚಿತ್ರ. ಅಂಥವರು ಇಲ್ಲವೆಂದಲ್ಲ, ಆದರೆ ಆ ಚಿತ್ರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಲಂಡನ್ನಿನ ಕ್ರಾಯ್ಡನ್ ಪ್ರದೇಶದ ಪ್ರಕರಣ ಒಳ್ಳೆಯ ಸಾಕ್ಷಿ. ಅಲ್ಲಿ ತಲೆ, ಬಾಲ ಕತ್ತರಿಸಿಹೋದ ಸಾಕುಬೆಕ್ಕುಗಳ ಕಳೇಬರಗಳು ಒಂದಾದ ಮೇಲೊಂದು ಸಿಗತೊಡಗಿದಾಗ, ಬೆಕ್ಕುಗಳನ್ನು ಹುಡುಕಿ ಕೊಲ್ಲುವ ಹಂತಕನೊಬ್ಬ ಇದ್ದಾನೆಂಬ ಭಯ ಹಬ್ಬಿತು. 2015ರ ಕೊನೆಯಲ್ಲಿ ಮೆಟ್ರೋಪಾಲಿಟನ್ ಪೊಲೀಸರು ವಿಶೇಷ ತನಿಖೆ ಕೈಗೊಂಡರು. ಸುಮಾರು ಮೂರು ವರ್ಷಗಳ ನಂತರ, 2018ರ ಸೆಪ್ಟೆಂಬರಿನಲ್ಲಿ, ವಾಹನಗಳಿಗೆ ಸಿಕ್ಕು ಸತ್ತ ಬೆಕ್ಕುಗಳ ಕಳೇಬರಗಳನ್ನು ನರಿಗಳು ಕಚ್ಚಿ ಹರಿದದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ತನಿಖೆಯನ್ನು ಮುಗಿಸಿದರು; 2021ರಲ್ಲಿ ಪ್ರಕಟವಾದ ಪಶುವೈದ್ಯಕೀಯ ಅಧ್ಯಯನವೊಂದು ಕಳೇಬರಗಳ ಮೇಲೆ ನರಿಗಳ ಗುರುತನ್ನು ಕಂಡು ಅದೇ ನಿರ್ಣಯದತ್ತ ಬೊಟ್ಟು ಮಾಡಿತು. ಸತ್ತ ಪ್ರತಿಯೊಂದು ಬೆಕ್ಕೂ ಕೊಲೆಯಾದ ಬೆಕ್ಕಲ್ಲ ಎಂಬ ಎಚ್ಚರ ನಮ್ಮಲ್ಲಿಯೂ ಇರಬೇಕು, ಏಕೆಂದರೆ ಬೀದಿನಾಯಿಗಳು, ವಾಹನಗಳು, ರೋಗಗಳು ಇಲ್ಲಿ ಬೆಕ್ಕುಗಳನ್ನು ಕೊಲ್ಲುತ್ತಲೇ ಇರುತ್ತವೆ. ಅದಕ್ಕಿಂತ ಮುಖ್ಯವಾದ ಅಪಾಯ ಮತ್ತೊಂದಿದೆ: ರಾಕ್ಷಸನೊಬ್ಬನನ್ನು ಹುಡುಕುವ ಭರದಲ್ಲಿ, ಹಾಡಹಗಲಲ್ಲಿ ಮರ್ಯಾದಸ್ಥರ ಕೈಯಿಂದಲೇ ನಡೆಯುವುದನ್ನು ಹಿಂಸೆಯೆಂದು ಗುರುತಿಸುವ ಕಣ್ಣೇ ಮಂಜಾಗುತ್ತದೆ.

ಹಾಗೆ ನಡೆಯುವುದರಲ್ಲಿ ಅತ್ಯಂತ ಸಾಮಾನ್ಯವಾದುದು ಬಿಸಿನೀರು ಎರಚುವುದು. ಅಡುಗೆಮನೆಯ ಕಿಟಕಿಯಲ್ಲಿ ತಲೆ ಹಾಕಿದ ಬೆಕ್ಕಿನ ಮೇಲೆ ಒಲೆಯ ಮೇಲಿದ್ದ ನೀರನ್ನು ಚೆಲ್ಲಿದವರಿಗೆ ಕಾಣುವುದು ಅದು ಒಮ್ಮೆ ಚೀರಿ ಓಡಿಹೋದದ್ದು ಮಾತ್ರ. ‘ಹೆದರಿಸಿದ್ದಷ್ಟೇ’ ಎಂದು ಅವರು ಹೇಳುವುದು ಸುಳ್ಳೂ ಅಲ್ಲ, ಅವರ ಕಣ್ಣಿಗೆ ಬಿದ್ದದ್ದು ಅಷ್ಟೇ. ಮುಂದಿನದನ್ನು ಅವರು ನೋಡುವುದಿಲ್ಲ. ಒತ್ತಾದ ತುಪ್ಪುಳು ಬಿಸಿನೀರನ್ನು ಚರ್ಮಕ್ಕೆ ಅಂಟಿಸಿ ಹಿಡಿದಿಡುತ್ತದೆ, ಸುಟ್ಟ ಗಾಯ ಕೂದಲಿನ ಅಡಿಯಲ್ಲಿ ಅಡಗಿರುತ್ತದೆ. ನೋವನ್ನು ಹೊರಗೆ ತೋರಿಸಿಕೊಳ್ಳದಿರುವುದು ಬೆಕ್ಕಿನ ಹುಟ್ಟುಗುಣವಾದ್ದರಿಂದ ಅದು ಸಂಪಿನ ಮೂಲೆಗೋ ನಿಂತ ಕಾರಿನ ಅಡಿಗೋ ಸೇರಿ, ಅನ್ನ ನೀರು ಬಿಟ್ಟು ಮುದುರಿ ಕುಳಿತುಬಿಡುತ್ತದೆ. ಎರಡು ಮೂರು ದಿನಗಳ ಮೇಲೆ ಬೆನ್ನಿನ ಚರ್ಮ ಹಲಗೆಯಂತೆ ಬಿರುಸಾಗಿ, ಕೂದಲು ಗುಪ್ಪೆಗುಪ್ಪೆಯಾಗಿ ಚಕ್ಕೆಯೊಂದಿಗೆ ಕಿತ್ತುಬಂದು, ಅದರಡಿಯ ಹಸಿ ಮಾಂಸ ಕೀವುಗಟ್ಟಿ ನಾರತೊಡಗಿದಾಗಲೇ ಸಾಕಿದವರಿಗೆ ಏನಾಗಿದೆಯೆಂದು ತಿಳಿಯುವುದು. ಆ ಹೊತ್ತಿಗೆ ಯಾರು, ಎಂದು, ಯಾವ ಕಿಟಕಿಯಿಂದ ಎಂಬುದಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ. ಎರಚಿದ ಕೈಗೂ ಬೆಂದ ಮೈಗೂ ನಡುವೆ ಇರುವ ಈ ಕೆಲವು ದಿನಗಳ ಅಂತರವೇ ಇಂಥ ಕ್ರೌರ್ಯಕ್ಕೆ ಸಿಗುವ ದೊಡ್ಡ ರಕ್ಷಣೆ.

ವಿಷಪ್ರಯೋಗದಲ್ಲಿ ಈ ಅಂತರ ಇನ್ನೂ ಹೆಚ್ಚು. ಕಿರಾಣಿ ಅಂಗಡಿಯಲ್ಲಿ ಯಾರು ಕೇಳಿದರೂ ಕೊಡುವ ಇಲಿ ಪಾಷಾಣಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಬೂದುಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗಿ ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಬಿಲ್ಲೆಯ ರೂಪದಲ್ಲಿ ಸಿಗುವ ಬ್ರೋಮಡಿಯೋಲೋನ್‌ನಂಥವು ರಕ್ತ ಹೆಪ್ಪುಗಟ್ಟದಂತೆ ತಡೆದು, ಮೂರು ನಾಲ್ಕು ದಿನಗಳ ನಂತರ ಒಳಗೊಳಗೇ ರಕ್ತ ಸೋರಿ ಸಾಯುವಂತೆ ಮಾಡುತ್ತವೆ. ಎರಡನೆಯದಕ್ಕೆ ವಿಟಮಿನ್ ಕೆ ಚಿಕಿತ್ಸೆ ಇದೆ, ಆದರೆ ತಿಂದದ್ದು ವಿಷವೆಂದು ಸಾಕಿದವರಿಗೆ ಸಮಯಕ್ಕೆ ಗೊತ್ತಾಗಬೇಕಷ್ಟೆ. ಮೀನಿನ ತಲೆಯಲ್ಲಿ ಪಾಷಾಣ ಕಲಸಿ ಗೋಡೆಯ ಮೇಲಿಡುವವನ ಉದ್ದೇಶ ಸ್ಪಷ್ಟ. ಇಲಿಗೆಂದೇ ಇಟ್ಟ ಬಿಲ್ಲೆಯನ್ನು ತಿಂದ ಹೆಗ್ಗಣವನ್ನು ಬೆಕ್ಕು ಹಿಡಿದು ತಿಂದಾಗ ಯಾರ ಉದ್ದೇಶವೂ ಇಲ್ಲದೆ ಅದೇ ಸಾವು ಬರಬಹುದು. ಹೊರಗಿನಿಂದ ನೋಡುವವರಿಗೆ ಇವೆರಡನ್ನು ಬೇರ್ಪಡಿಸುವುದು ಮರಣೋತ್ತರ ಪರೀಕ್ಷೆಯಾದ ಮೇಲೂ ಕಷ್ಟ, ಮತ್ತು ಆ ಪರೀಕ್ಷೆ ಮಾಡಿಸುವವರು ವಿರಳ. ಮನೆಯ ಬೆಕ್ಕು ಸತ್ತ ದುಃಖದಲ್ಲಿ ಅದನ್ನು ತೆಂಗಿನಮರದ ಬುಡದಲ್ಲಿ ಹೂಳುವವರೇ ಹೆಚ್ಚು.

ಆದರೆ ನಮ್ಮ ನಾಡಿನಲ್ಲಿ ಬೆಕ್ಕನ್ನು ಕೊಲ್ಲಲು ಕೈ ಹಿಂಜರಿಯುವವರೇ ಬಹಳ. ಬೆಕ್ಕು ಕೊಂದ ಪಾಪ ಕಾಶಿಗೆ ಹೋದರೂ ಕಳೆಯದು, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ನಂಬಿಕೆ ಹಿರಿಯರಿರುವ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಈ ನಂಬಿಕೆ ಎಷ್ಟೋ ಬೆಕ್ಕುಗಳ ಜೀವ ಉಳಿಸಿರಬೇಕು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಅದರ ಜೊತೆಗೇ ಅದು ಒಂದು ಕಳ್ಳದಾರಿಯನ್ನೂ ತೆರೆದಿಟ್ಟಿದೆ: ಕೊಲ್ಲಬಾರದು, ಆದರೆ ಗೋಣಿಚೀಲದಲ್ಲಿ ತುಂಬಿ ದೂರ ಬಿಟ್ಟು ಬರಬಹುದು. ಕೊತ್ತಿಯೆನ್ನುವ ಹಳೇ ಮೈಸೂರಿನ ಸೀಮೆಯಲ್ಲಾಗಲಿ ಪುಚ್ಚೆಯೆನ್ನುವ ತುಳುನಾಡಿನಲ್ಲಾಗಲಿ ಈ ಪದ್ಧತಿ ಒಂದೇ. ಹಳ್ಳಿಯಲ್ಲಿ ಹೊಳೆಯಾಚೆ ಬಿಡುತ್ತಿದ್ದರು, ದಾರಿ ತಿಳಿದು ವಾಪಸು ಬಾರದಿರಲೆಂದು ಚೀಲದ ಬಾಯಿ ಕಟ್ಟುತ್ತಿದ್ದರು. ನಗರದಲ್ಲಿ ಮೀನು ಮಾರುಕಟ್ಟೆ, ದೇವಸ್ಥಾನದ ಹಿಂಭಾಗ, ಹೊರವರ್ತುಲ ರಸ್ತೆಯ ಖಾಲಿ ನಿವೇಶನ ಇವು ಆ ಹೊಳೆಯ ಜಾಗ ತೆಗೆದುಕೊಂಡಿವೆ. ಬಿಟ್ಟು ಬಂದವರು ‘ಅಲ್ಲಿ ತಿನ್ನಲು ಬೇಕಾದಷ್ಟು ಸಿಗುತ್ತದೆ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಜಾಗವನ್ನೇ ನೆಚ್ಚಿ ಬದುಕುವ ಪ್ರಾಣಿಗೆ ಇದು ಎಂಥ ಶಿಕ್ಷೆಯೆಂಬುದನ್ನು ಬೆಕ್ಕಿನ ಸ್ವಭಾವ ಬಲ್ಲವರು ಊಹಿಸಬಹುದು. ಹೊಸ ಜಾಗದಲ್ಲಿ ಅಡಗುದಾಣಗಳಾವುವು, ನೀರೆಲ್ಲಿ, ನಾಯಿಗಳು ಯಾವ ಹೊತ್ತಿಗೆ ಬರುತ್ತವೆ ಎಂಬುದೊಂದೂ ಅದಕ್ಕೆ ತಿಳಿಯದು. ಅಲ್ಲಿ ಮೊದಲೇ ನೆಲೆಸಿದ ಗಂಡುಬೆಕ್ಕುಗಳು ಅದನ್ನು ಅಟ್ಟುತ್ತವೆ. ಹಳೆಯ ಮನೆಯ ದಿಕ್ಕನ್ನು ಅರಸುತ್ತ ಹೊರಟದ್ದು ರಸ್ತೆ ದಾಟುವಾಗ ಸಾಯುತ್ತದೆ. ಮನೆಯಲ್ಲೇ ಬೆಳೆದು ಬಟ್ಟಲಲ್ಲಿ ಹಾಕಿದ್ದನ್ನು ಮಾತ್ರ ತಿಂದು ಗೊತ್ತಿರುವ ಬೆಕ್ಕಾದರೆ ಅಷ್ಟು ದೂರವೂ ಹೋಗದೆ ಸೊರಗಿ ಸಾಯಬಹುದು.

ಇಲ್ಲಿ ಕನ್ನಡ ಸಾಹಿತ್ಯ ಪರಂಪರೆಯ ಒಂದು ಪರಿಕಲ್ಪನೆ ನೆನಪಿಗೆ ಬರುವುದು ಸಹಜ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜನೊಬ್ಬ ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟು, ಆ ಕಾರಣಕ್ಕಾಗಿಯೇ ಹಲವು ಜನ್ಮಗಳಲ್ಲಿ ಪ್ರಾಣಿಯಾಗಿ ಹುಟ್ಟಿ ಹಿಂಸೆ ಅನುಭವಿಸುತ್ತಾನೆ. ಸಂಕಲ್ಪಹಿಂಸೆ, ಅಂದರೆ ಕೈ ಕೊಲ್ಲದಿದ್ದರೂ ಮನಸ್ಸು ಕೊಂದದ್ದರಿಂದ ತಗಲುವ ದೋಷ, ಆ ಕಾವ್ಯದ ತಿರುಳು. ಜೀವ ಹೋಗದಿದ್ದಾಗಲೂ ಹಿಂಸೆಯನ್ನು ಕಂಡ ಆ ನೀತಿದೃಷ್ಟಿಯ ಸೂಕ್ಷ್ಮತೆ ದೊಡ್ಡದು. ಗೋಣಿಚೀಲದ ಪ್ರಸಂಗ ಅದರ ತಿರುವುಮುರುವು: ಇಲ್ಲಿ ಕೊಲ್ಲುವ ಸಂಕಲ್ಪವಿಲ್ಲವೆಂದು ಮನಸ್ಸು ತನ್ನನ್ನು ತಾನೇ ನಂಬಿಸಿಕೊಂಡಿದೆ, ಜೀವ ಮಾತ್ರ ನಿಜವಾಗಿಯೂ ಹೋಗುತ್ತದೆ. ಫಲವೇನೆಂದು ತಿಳಿದಿದ್ದೂ, ಅದು ತನ್ನ ಕಣ್ಣೆದುರು ನಡೆಯದಂತೆ ಏರ್ಪಾಟು ಮಾಡಿಕೊಳ್ಳುವುದನ್ನು ಅಸಂಕಲ್ಪವೆಂದು ಕರೆಯಲು ಬರುವುದಿಲ್ಲ. ದೂರಕ್ಕೆ ಒಯ್ದು ಬಿಟ್ಟ ಮಾತ್ರಕ್ಕೆ ಸಾವಿನ ಹೊಣೆ ದೂರವಾಗುವುದಿಲ್ಲ.

ಕಾನೂನು ಈ ಮಾತನ್ನು ಆರು ದಶಕಗಳ ಹಿಂದೆಯೇ ಒಪ್ಪಿದೆ ಎಂಬುದು ಬಹುಮಂದಿಗೆ ತಿಳಿಯದು. ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 3ನೆಯ ಪ್ರಕರಣ, ಪ್ರಾಣಿಯನ್ನು ತಮ್ಮ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬರಿಗೂ ಅದರ ಯೋಗಕ್ಷೇಮದ ಹೊಣೆ ಹೊರಿಸುತ್ತದೆ. 11ನೆಯ ಪ್ರಕರಣ ಹೊಡೆಯುವುದು, ಹಾನಿಕರ ವಸ್ತುವನ್ನು ತಿನ್ನಿಸುವುದು ಮೊದಲಾದವುಗಳ ಸಾಲಿನಲ್ಲಿಯೇ, ಹಸಿವು ಬಾಯಾರಿಕೆಗಳಿಂದ ನರಳಬಹುದಾದ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನೂ ಅಪರಾಧವೆಂದು ಎಣಿಸುತ್ತದೆ. ಅಂದರೆ ಮನೆ ಖಾಲಿ ಮಾಡುವಾಗ ಸಾಕಿದ ಬೆಕ್ಕನ್ನು ಬಿಟ್ಟುಹೋಗುವುದು ಬರಿಯ ನಿರ್ದಯೆಯಲ್ಲ, ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಆ ಮೊತ್ತಕ್ಕೆ ಬೆಲೆಯಿತ್ತು, ಇಂದು ಬೆಕ್ಕಿನ ಒಂದು ಹೊತ್ತಿನ ಆಹಾರದ ಪೊಟ್ಟಣವೂ ಅಷ್ಟಕ್ಕೆ ಬರುವುದು ಕಷ್ಟ. ಇವುಗಳಲ್ಲಿ ಹೆಚ್ಚಿನ ತಪ್ಪುಗಳು ಅಸಂಜ್ಞೇಯ, ಎಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ತೊಡಗಲಾಗದಂಥವು. ಠಾಣೆಗೆ ಹೋದವರಿಗೆ ‘ಬೆಕ್ಕಿಗೆಲ್ಲ ಕಂಪ್ಲೇಂಟಾ’ ಎಂಬ ಮಾತು ಎದುರಾಗುವುದರ ಹಿಂದೆ ಉದಾಸೀನ ಇರುವಂತೆಯೇ ಕಾನೂನಿನ ಈ ದೌರ್ಬಲ್ಯವೂ ಇದೆ.

ಕೊಂದಾಗ, ವಿಷವಿಕ್ಕಿದಾಗ, ಊನಗೊಳಿಸಿದಾಗ ಅನ್ವಯಿಸುವ ಕಾನೂನು ಇದಕ್ಕಿಂತ ಬಲವಾದುದು. ಹಳೆಯ ಭಾರತೀಯ ದಂಡ ಸಂಹಿತೆಯ 428 ಮತ್ತು 429ನೆಯ ಪ್ರಕರಣಗಳು ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ನೋಡಿ ಶಿಕ್ಷೆಯ ಪ್ರಮಾಣ ನಿರ್ಧರಿಸುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣ ಆ ಬೆಲೆ ಕಟ್ಟುವ ಕ್ರಮವನ್ನು ಕೈಬಿಟ್ಟು, ಯಾವುದೇ ಪ್ರಾಣಿಯಾದರೂ ಐದು ವರ್ಷಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಇದು ದೊಡ್ಡ ಹೆಜ್ಜೆ. ಆದರೂ ಈ ಪ್ರಕರಣ ಇರುವುದು ‘ಮಿಸ್‌ಚೀಫ್’ ಎಂಬ ಅಪರಾಧದ ಅಡಿಯಲ್ಲಿ, ಅಂದರೆ ಸೊತ್ತಿಗೆ ಬೇಕೆಂದೇ ಉಂಟುಮಾಡುವ ಹಾನಿಯ ಅಡಿಯಲ್ಲಿ. ಸುಟ್ಟ ಬೆನ್ನು ಬೆಕ್ಕಿನದು, ಕಾನೂನು ಎಣಿಸುವ ನಷ್ಟ ಯಜಮಾನನದು. 2014ರಲ್ಲಿ ಜಲ್ಲಿಕಟ್ಟು ಕುರಿತ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ನಾಗರಿಕರ ಕರ್ತವ್ಯವೆನ್ನುವ ಸಂವಿಧಾನದ 51ಎ(ಜಿ) ವಿಧಿಯೊಂದಿಗೆ 1960ರ ಅಧಿನಿಯಮವನ್ನು ಸೇರಿಸಿ ಓದಿ, ಹಸಿವು, ಭಯ, ನೋವುಗಳಿಂದ ಮುಕ್ತವಾಗಿರುವ ಹಕ್ಕು ಪ್ರಾಣಿಗೇ ಸೇರಿದ್ದೆಂಬ ದಿಕ್ಕಿನಲ್ಲಿ ಮಾತಾಡಿತು. ಆ ದೃಷ್ಟಿ ಬಡಾವಣೆಯ ಠಾಣೆಯವರೆಗೆ ಇಳಿದು ಬಂದಿಲ್ಲ.

ಪ್ರಾಣಿಹಿಂಸೆಯನ್ನು ಖಂಡಿಸುವವರು ಸಾಮಾನ್ಯವಾಗಿ ಮುಂದಿಡುವ ವಾದವೊಂದಿದೆ: ಇಂದು ಬೆಕ್ಕಿಗೆ ಕಲ್ಲು ಹೊಡೆದವನು ನಾಳೆ ಮನುಷ್ಯನ ಮೇಲೆ ಕೈ ಮಾಡುತ್ತಾನೆ. ಇಂಗ್ಲಿಷ್ ಕಲಾವಿದ ವಿಲಿಯಂ ಹೋಗಾರ್ತ್ 1751ರಲ್ಲಿ ಅಚ್ಚು ಹಾಕಿಸಿದ ‘ಕ್ರೌರ್ಯದ ನಾಲ್ಕು ಹಂತಗಳು’ ಎಂಬ ಚಿತ್ರಮಾಲೆ ಇದನ್ನೇ ಕಾಣಿಸುತ್ತದೆ. ಬೀದಿಯಲ್ಲಿ ನಾಯಿ ಬೆಕ್ಕುಗಳನ್ನು ಹಿಂಸಿಸುವ ಹುಡುಗರ ಗುಂಪಿನಿಂದ ಆರಂಭವಾಗಿ ಅವರಲ್ಲೊಬ್ಬ ಕೊಲೆಗಾರನಾಗಿ, ನೇಣಿಗೇರಿದ ಅವನ ಹೆಣವನ್ನು ವೈದ್ಯರು ಕೊಯ್ಯುವಲ್ಲಿಗೆ ಅದು ಮುಗಿಯುತ್ತದೆ. ಆ ಚಿತ್ರಗಳನ್ನು ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ನೆನೆದ ಜರ್ಮನ್ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್, ಪ್ರಾಣಿಗಳ ಬಗ್ಗೆ ಮನುಷ್ಯನಿಗಿರುವುದು ಪರೋಕ್ಷ ಕರ್ತವ್ಯ ಮಾತ್ರ, ಅವುಗಳನ್ನು ಹಿಂಸಿಸಬಾರದೆನ್ನುವುದು ನಮ್ಮ ಮನಸ್ಸು ಮನುಷ್ಯರ ವಿಷಯದಲ್ಲಿ ಕಲ್ಲಾಗದಿರಲೆಂದು ಎಂದು ಪ್ರತಿಪಾದಿಸಿದ. ಮನೆಯೊಳಗಿನ ದೌರ್ಜನ್ಯಕ್ಕೂ ಸಾಕುಪ್ರಾಣಿಗಳ ಹಿಂಸೆಗೂ ನಂಟು ಇರುವುದು ನಿಜ. ಹೆಂಡತಿಯನ್ನೋ ಮಕ್ಕಳನ್ನೋ ಹೆದರಿಸಲು ಅವರು ಮುದ್ದಿಸುವ ಪ್ರಾಣಿಯನ್ನು ಹಿಂಸಿಸುವವರು ಇದ್ದಾರೆ. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿಹಿಂಸೆಯನ್ನು ಪ್ರತ್ಯೇಕ ಅಪರಾಧವಾಗಿ ದಾಖಲಿಸಲು ಆರಂಭಿಸಿದ್ದರ ಹಿಂದೆಯೂ ಈ ತಿಳಿವಳಿಕೆ ಇದೆ.

ಆದರೂ ಈ ವಾದವನ್ನೇ ಆಧಾರವಾಗಿ ನೆಚ್ಚುವುದು ಸಲ್ಲದು. ಬೆಕ್ಕಿಗೆ ಬಿಸಿನೀರು ಎರಚಿದ ಗೃಹಸ್ಥರು ಮುಂದೆ ಯಾರನ್ನೂ ಕೊಲ್ಲದೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತ, ನೆರೆಯವರ ಕಷ್ಟಕ್ಕೆ ಆಗುತ್ತ ಬಾಳಿ ಹೋಗುವುದೇ ಹೆಚ್ಚು. ಹಾಗೆ ಬಾಳಿದರೆಂಬ ಕಾರಣಕ್ಕೆ ಬೆಕ್ಕಿನ ಬೆನ್ನಿನ ಗಾಯ ಇಲ್ಲದಂತಾಗುತ್ತದೆಯೇ? ಮನುಷ್ಯನಿಗೆ ಮುಂದೆ ಕೇಡಾಗಬಹುದೆಂಬ ಭಯದಿಂದಲ್ಲ, ಆ ಪ್ರಾಣಿಗೆ ಈಗಲೇ ನೋಯುತ್ತಿದೆ ಎಂಬ ಕಾರಣದಿಂದಲೇ ಅದು ತಪ್ಪು. ಈ ಸರಳ ಸಂಗತಿ ಕಣ್ತಪ್ಪಿಹೋಗುವುದು ಎಷ್ಟು ಸುಲಭವೆಂಬುದಕ್ಕೆ ಕನ್ನಡದ ಮಕ್ಕಳೆಲ್ಲರೂ ಕೇಳಿರುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ನೋಡಬಹುದು. ಇಲಿಗಳ ಕಾಟ ತಪ್ಪಿಸಲು ಅರಸ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತದೆ, ಹಾಲೆಲ್ಲ ಅವನ ಪಾಲಾಗುತ್ತದೆ. ಕತೆಯ ಚಾತುರ್ಯಕ್ಕೆ ತಲೆಮಾರುಗಳು ನಕ್ಕಿವೆ. ಆ ಚಾತುರ್ಯಕ್ಕೆ ಬಂಡವಾಳವಾದದ್ದು ಒಂದು ಬೆಂದ ನಾಲಗೆ ಎಂಬುದನ್ನು ಕತೆ ಹೇಳುವವರೂ ಕೇಳುವವರೂ ಗಮನಿಸುವುದಿಲ್ಲ. ಕತೆಯನ್ನು ನಿಲ್ಲಿಸಬೇಕಾಗಿಲ್ಲ, ಕೇಳುವ ಮಗು ‘ಪಾಪ, ಬೆಕ್ಕಿಗೆ ಉರೀತಾ?’ ಎಂದು ಕೇಳಿದರೆ, ಹೌದು ಎನ್ನುವಷ್ಟು ಪ್ರಾಮಾಣಿಕತೆ ಹೇಳುವವರಲ್ಲಿ ಇದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ಗೋಡೆಯ ಆಚೆಯವರ ಅಹವಾಲನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು. ಹೂಕುಂಡದಲ್ಲಿ ಮಲ, ಒಣಗಲು ಹರವಿದ ಹಪ್ಪಳದ ಮೇಲೆ ಹೆಜ್ಜೆಗುರುತು, ಬೆದೆಗೆ ಬಂದ ಹೆಣ್ಣುಬೆಕ್ಕಿನ ಸುತ್ತ ನಡುರಾತ್ರಿ ಗಂಡುಬೆಕ್ಕುಗಳ ಅರಚಾಟ, ಬಾಗಿಲು ಮರೆತರೆ ಹಾಲಿನ ಪಾತ್ರೆ ಖಾಲಿ: ಇವು ಕಲ್ಪಿತ ತೊಂದರೆಗಳಲ್ಲ, ಮತ್ತು ಇವುಗಳ ಹೊಣೆ ಬೆಕ್ಕಿನದೂ ಅಲ್ಲ. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭ ನಿಲ್ಲದಿದ್ದರೆ ಎರಡು ಮೂರು ವಾರಗಳಿಗೊಮ್ಮೆ ಮತ್ತೆ ಬರುತ್ತದೆ, ನಿಂತರೆ ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ. ಜನ ‘ಆಪರೇಷನ್’ ಎನ್ನುವ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಈ ಕೂಗಾಟ, ಗೋಡೆಗೆ ಸಿಂಪಡಿಸುವ ಗಬ್ಬು ಮೂತ್ರ, ವರ್ಷಕ್ಕೆರಡು ಮೂರು ಸೂಲು ಎಲ್ಲವೂ ಬಹುಮಟ್ಟಿಗೆ ನಿಲ್ಲುತ್ತವೆ. ಅದನ್ನು ಮಾಡಿಸದೆ, ‘ಪ್ರಕೃತಿಗೆ ವಿರುದ್ಧ’ ಎಂಬ ನೆಪ ಹೇಳಿ, ಹುಟ್ಟಿದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಾರುಕಟ್ಟೆಯ ಬಳಿ ಇಟ್ಟು ಬರುವ ಬೆಕ್ಕುಪ್ರಿಯರು ಕ್ರೌರ್ಯದ ಲೆಕ್ಕದಿಂದ ಹೊರಗೆ ಉಳಿಯಲಾರರು. ಜ್ವರ ಬಂದ ಬೆಕ್ಕಿಗೆ ಪ್ರೀತಿಯಿಂದಲೇ ಅರ್ಧ ಪ್ಯಾರಾಸಿಟಮಾಲ್ ಕೊಟ್ಟು ಕೊಂದವರಿದ್ದಾರೆ. ಆ ಔಷಧವನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಪ್ರೀತಿಯೊಂದಿದ್ದರೆ ಸಾಕೆಂಬ ಭಾವನೆ ಸಾಕಣೆಯಲ್ಲಿ ಅಪಾಯಕಾರಿ. ಕಿಟಕಿ, ಬಾಲ್ಕನಿಗಳಿಗೆ ಜಾಲರಿ ಹಾಕಿಸಿ, ಮನೆಯೊಳಗೇ ಮರಳಿನ ತಟ್ಟೆಯಿಟ್ಟು, ರಾತ್ರಿ ಹೊತ್ತಾದರೂ ಬೆಕ್ಕನ್ನು ಹೊರಗೆ ಬಿಡದಿರುವುದು ನಗರದಲ್ಲಿ ಬೆಕ್ಕು ಸಾಕುವವರ ಮೇಲಿನ ಕನಿಷ್ಠ ಋಣ. ಹಾಗೆ ಮಾಡಿದರೆ ನೆರೆಯವರ ಗುಬ್ಬಚ್ಚಿಗಳೂ ಉಳಿಯುತ್ತವೆ.

ಅಪಾರ್ಟ್‌ಮೆಂಟುಗಳಲ್ಲಿ ಈ ವ್ಯಾಜ್ಯಕ್ಕೆ ಗೋಡೆಯ ಬದಲು ಅಸೋಸಿಯೇಷನ್ ವೇದಿಕೆಯಾಗುತ್ತದೆ. ಪ್ರಾಣಿಗಳನ್ನು ಸಾಕಕೂಡದೆಂದು ನಿವಾಸಿಗಳ ಸಂಘಗಳು ಬೈಲಾ ಮಾಡುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು, ಆದರೆ ಅದರ ಮಾತೆಲ್ಲ ನಾಯಿಗಳ ಸುತ್ತಲೇ ಇತ್ತು; 2023ರವರೆಗೆ ಜಾರಿಯಲ್ಲಿದ್ದ ಸಂತಾನ ನಿಯಂತ್ರಣದ 2001ರ ನಿಯಮಗಳ ಹೆಸರಿನಲ್ಲೇ ನಾಯಿ ಇತ್ತು. ಬೊಗಳದ, ಕಚ್ಚಿ ಸುದ್ದಿಯಾಗದ ಬೆಕ್ಕು ಆಡಳಿತದ ಕಣ್ಣಿಗೆ ಬೀಳುವುದೇ ಅಪರೂಪ. ಸಂಘದ ಸಭೆಯಲ್ಲಿ ಬೆಕ್ಕಿನ ದೂರು ಬಂದಾಗ ಕಾರ್ಯದರ್ಶಿ ಸೆಕ್ಯುರಿಟಿಯವನಿಗೆ ‘ಏನಾದರೂ ಮಾಡಪ್ಪ’ ಎನ್ನುತ್ತಾರೆ, ಅವನು ಕೆಲಸ ಉಳಿಸಿಕೊಳ್ಳಲು ಗೋಣಿಚೀಲ ತರುತ್ತಾನೆ. ಯಾರೂ ಹಿಂಸೆಯ ಆಜ್ಞೆ ಕೊಟ್ಟಿಲ್ಲ, ಹಿಂಸೆ ಮಾತ್ರ ಅಚ್ಚುಕಟ್ಟಾಗಿ ನಡೆದುಹೋಗುತ್ತದೆ. ಈ ‘ಏನಾದರೂ’ ಎಂಬ ಪದವನ್ನು ಸಭೆಯ ನಡಾವಳಿಯಿಂದ ತೆಗೆದು, ಯಾವ ಬೆಕ್ಕು, ಯಾರದು, ಆಪರೇಷನ್ ಆಗಿದೆಯೇ, ಆಗಿಲ್ಲವಾದರೆ ಯಾರು ಯಾವ ತಾರೀಖಿನೊಳಗೆ ಮಾಡಿಸುತ್ತಾರೆ, ಖರ್ಚು ಯಾರದು ಎಂದು ಬರೆದುಕೊಳ್ಳುವಂತಾದರೆ ಅರ್ಧ ಕೆಲಸ ಮುಗಿದಂತೆ.

ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಹಿಂದೆ ಮರಿ ಹಾಕಿದ ಬೆಕ್ಕಿನ ವಿಷಯದಲ್ಲಿ ಇಂಥ ಏರ್ಪಾಟಿನ ಅಗತ್ಯ ಇನ್ನೂ ಸ್ಪಷ್ಟ. ಕಣ್ಣು ಬಿಡಲು ಒಂದೆರಡು ವಾರ ಬೇಕಾದ, ತಾಯಿಯ ಮೈಬಿಸಿಯಿಲ್ಲದೆ ತಮ್ಮ ಮೈಯನ್ನು ಬೆಚ್ಚಗಿಟ್ಟುಕೊಳ್ಳಲಾರದ ಮರಿಗಳನ್ನು ಮೊದಲ ವಾರವೇ ಹೊತ್ತೊಯ್ದರೆ ಅವು ಒಂದು ರಾತ್ರಿಯನ್ನೂ ದಾಟುವುದು ಕಷ್ಟ. ಇತ್ತ ತಾಯಿ ಬೆಕ್ಕು ಹಾಲು ಕಟ್ಟಿ ಬಿಗಿದ ಮೊಲೆಗಳೊಂದಿಗೆ ಮಹಡಿ ಮಹಡಿ ಹತ್ತಿಳಿದು, ಪ್ರತಿ ಬಾಗಿಲ ಮುಂದೆ ನಿಂತು ಕೂಗುತ್ತದೆ, ಮತ್ತು ಆ ಕೂಗಿನ ಬಗ್ಗೆ ಮರುದಿನ ಇನ್ನೊಂದು ದೂರು ಬರುತ್ತದೆ. ಅವುಗಳನ್ನು ಅಲ್ಲೇ ಇರಗೊಟ್ಟರೆ ಎಂಟು ವಾರಗಳಲ್ಲಿ ಮರಿಗಳು ತಾಯಿಯ ಹಾಲು ಬಿಡುತ್ತವೆ, ಬೇಕೆನ್ನುವವರ ಮನೆ ಸೇರುವಷ್ಟು ಗಟ್ಟಿಯಾಗುತ್ತವೆ, ತಾಯಿಯನ್ನು ಹಿಡಿದು ಆಪರೇಷನ್ ಮಾಡಿಸಿ ಅದರ ಜಾಗಕ್ಕೇ ತಂದು ಬಿಟ್ಟರೆ ಆ ಮೆಟ್ಟಿಲ ಕೆಳಗೆ ಅದು ಮತ್ತೆ ಮರಿ ಹಾಕುವುದಿಲ್ಲ. ಅದಕ್ಕೆ ಕಟ್ಟಡದವರು ಕೊಡಬೇಕಾದುದು ಎರಡು ತಿಂಗಳ ಕಾಲ ಒಂದು ರಟ್ಟಿನ ಪೆಟ್ಟಿಗೆಯ ಜಾಗ, ಒಂದು ಹಳೆಯ ಟವೆಲು, ದಿನಕ್ಕೆರಡು ಸಲ ತಾಯಿಗೆ ಒಂದು ಬಟ್ಟಲು ಊಟ, ಮತ್ತು ಅದರ ಪಕ್ಕದಲ್ಲೊಂದು ಬಟ್ಟಲು ನೀರು.